ಮೊದಲು ಕಾಲು, ಆಮೇಲೆ ಕೈ

ಬಾಸ್ಕೆಟ್‌ಬಾಲ್ ಆಟವನ್ನು ಹೊರಗೆ ನಿಂತು ನೋಡುವವರಿಗೆ ಅದು ಕೈಗಳ ಆಟವೆಂದೇ ತೋರುತ್ತದೆ. ಚೆಂಡನ್ನು ಹಿಡಿಯುವುದು ಕೈ, ನೆಲಕ್ಕೆ ಪುಟಿಸುವುದು ಕೈ, ಬುಟ್ಟಿಗೆ ಎಸೆಯುವುದೂ ಕೈ. ಆದರೆ ಅಂಕಣದೊಳಕ್ಕೆ ಇಳಿದ ಹೊಸಬರಿಗೆ ಮೊದಲ ಐದು ನಿಮಿಷಗಳಲ್ಲಿಯೇ ಅರಿವಾಗುವ ಸಂಗತಿ ಬೇರೆ: ತೀರ್ಪುಗಾರನ ಕಣ್ಣು ಇರುವುದು ಕಾಲಿನ ಮೇಲೆ.

ಭದ್ರಾವತಿಯ ನ್ಯೂಟೌನಿನ ಹುಡುಗಿಯೊಬ್ಬಳು ಬೇಸಿಗೆಯ ರಜೆಯಲ್ಲಿ ಶಿವಮೊಗ್ಗೆಯ ಚಿಕ್ಕಮ್ಮನ ಮನೆಗೆ ಬಂದು ಈ ಆಟವನ್ನು ಕಲಿಯಹೊರಟಳೆಂದು ಇಟ್ಟುಕೊಳ್ಳಿ. ಇಂಥ ಹುಡುಗಿಯರು ಎರಡೂ ಊರುಗಳಲ್ಲಿ ಇದ್ದಾರೆ. ಆದ್ದರಿಂದ ಹೆಸರಿನ ಗೊಡವೆ ಬೇಡ. ವಯಸ್ಸು ಹದಿನಾಲ್ಕು. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಯಾವಾಗಲೂ ಎಲ್ಲರಿಗಿಂತ ಮುಂದೆ ನಿಲ್ಲುವವಳು, ಅಂದರೆ ಎಲ್ಲರಿಗಿಂತ ಗಿಡ್ಡ. ‘ಆ ಬುಟ್ಟಿ ಎಲ್ಲಿ, ನೀನೆಲ್ಲಿ’ ಎಂದು ಓರಗೆಯವರು ನಕ್ಕಿದ್ದರು. ಅಜ್ಜಿಯು, ‘ಹೆಣ್ಣುಹುಡುಗಿ ಬಿಸಿಲಲ್ಲಿ ಓಡಿ ಏನು ಸಾಧಿಸಬೇಕು?’ ಎಂದಿದ್ದರು. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಅಜ್ಜ ಮಾತ್ರ ಏನೂ ಆಡದೆ ಬಸ್ಸಿಗೆ ದುಡ್ಡು ಕೊಟ್ಟು ಕಳುಹಿದ್ದರು.

ಮೊದಲ ಮೂರು ದಿನ ಅವಳು ಚೆಂಡು ಮುಟ್ಟಿದಾಗಲೆಲ್ಲ ಸೀಟಿ ಮೊಳಗಿತು. ಚೆಂಡು ಹಿಡಿದು ಹೆಜ್ಜೆಯಿಟ್ಟರೆ ಸೀಟಿ. ಪುಟಿಸಿ, ನಿಂತು, ಮತ್ತೆ ಪುಟಿಸಹೋದರೆ ಸೀಟಿ. ಬುಟ್ಟಿಯ ಕೆಳಗೆ ಹೋಗಿ ಆಸೆಯಿಂದ ಕಾದು ನಿಂತರೆ ಅದಕ್ಕೂ ಸೀಟಿ! ಮೂರನೆಯ ದಿನ ಸಂಜೆ, ‘ಚಿಕ್ಕಮ್ಮ, ನಾನು ನಾಳೆ ಊರಿಗೆ ಹೋಗುತ್ತೇನೆ, ಈ ಆಟ ನನ್ನಂಥವರಿಗಲ್ಲ’ ಎಂದು ಅವಳು ಚೀಲ ತುಂಬತೊಡಗಿದಳು. ಆಟ ಬಿಡುವ ಎಷ್ಟೋ ಮಕ್ಕಳು ಬಿಡುವುದು ಈ ಮೂರನೆಯ ದಿನದ ಸಂಜೆಯೇ. ನಿಯಮವನ್ನು ಹೇಳಿಕೊಡುವವರು ಅನೇಕರಿದ್ದಾರೆ. ಆ ನಿಯಮ ಏತಕ್ಕಿದೆ ಎಂದು ಹೇಳುವವರು ಕಡಮೆ.

ಏತಕ್ಕೆ ಎಂಬುದನ್ನು ತಿಳಿಯಲು ತುಸು ದೂರ ಹೋಗಬೇಕು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಕೆನಡಾ ದೇಶದ ಉಪಾಧ್ಯಾಯನಿಗೆ ಒಂದು ತಲೆನೋವು ಗಂಟುಬಿದ್ದಿತ್ತು. ಹೊರಗೆ ಹಿಮ, ಒಳಗೆ ಕವಾಯತಿನಿಂದ ಬೇಸತ್ತ ಹದಿನೆಂಟು ಮಂದಿ ಗಟ್ಟಿಗರು. ಫುಟ್‌ಬಾಲಿನಂಥ ಆಟಗಳನ್ನು ಒಳಾಂಗಣದಲ್ಲಿ ಆಡಿಸಿದರೆ ಕೈಕಾಲು ಮುರಿಯುವುದು ಖಂಡಿತ. ಆಗ ಅವನು ಹೀಗೆ ಯೋಚಿಸಿದನು: ಆಟಗಾರನನ್ನು ಕೆಡವುವುದೇಕೆ? ಅವನು ಚೆಂಡು ಹಿಡಿದು ಓಡುತ್ತಾನೆ, ಅದಕ್ಕೆ. ಓಡಲೇ ಕೂಡದೆಂದರೆ ಕೆಡವುವ ಅಗತ್ಯವೇ ಇಲ್ಲ. ಈ ಒಂದು ಯೋಚನೆಯಿಂದ ಹದಿಮೂರು ನಿಯಮಗಳು ಹುಟ್ಟಿದವು. ಪೆಟ್ಟಿಗೆ ತಾ ಎಂದರೆ ಶಾಲೆಯ ಜವಾನನು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ತಂದನು. ಅವನ್ನು ಮೊಳೆ ಹೊಡೆದದ್ದು ಮೇಲ್ಮೊಗಸಾಲೆಯ ಕಟಕಟೆಗೆ. ಆ ಕಟಕಟೆಯ ಎತ್ತರ ಹತ್ತು ಅಡಿ. ಇಂದಿಗೂ ಲೋಕದ ಎಲ್ಲ ಅಂಕಣಗಳಲ್ಲಿ ಬುಟ್ಟಿ ನಿಂತಿರುವುದು ಆ ಹತ್ತು ಅಡಿಯಲ್ಲಿಯೇ, ಎಂದರೆ 3.05 ಮೀಟರಿನಲ್ಲಿ. ಯಾವ ಶಾಸ್ತ್ರದ ಲೆಕ್ಕಾಚಾರವೂ ಇದರ ಹಿಂದೆ ಇಲ್ಲ.

ಚೆಂಡನ್ನು ಪುಟಿಸುತ್ತ ಸಾಗುವುದು ಕೂಡ ಮೊದಲಿನ ನಿಯಮಗಳಲ್ಲಿ ಇರಲಿಲ್ಲ. ಹಿಡಿದಲ್ಲಿಂದಲೇ ಎಸೆಯಬೇಕಾಗಿತ್ತು. ಕೆಲವು ವರ್ಷಗಳಲ್ಲಿ ಜಾಣರು ಚೆಂಡನ್ನು ತಮಗೆ ತಾವೇ ನೆಲದ ಮೂಲಕ ‘ಎಸೆದುಕೊಂಡು’ ಮುಂದೆ ಸಾಗುವ ಉಪಾಯವನ್ನು ಕಂಡುಕೊಂಡರು, ಅದೇ ಡ್ರಿಬಲ್. ನಿಯಮದ ಕಣ್ಣಿನಲ್ಲಿ ಇದೊಂದು ವಿನಾಯಿತಿ. ವಿನಾಯಿತಿ ಒಮ್ಮೆ ಮಾತ್ರ ಸಿಗುತ್ತದೆ: ಎರಡು ಕೈಯಲ್ಲಿ ಹಿಡಿದು ನಿಲ್ಲಿಸಿದ ಚೆಂಡನ್ನು ಮತ್ತೆ ಪುಟಿಸುವಂತಿಲ್ಲ.

ಮರುದಿನ ಡ್ರಿಲ್ ಮೇಷ್ಟರು ಹುಡುಗಿಯ ಕೈಯಿಂದ ಚೆಂಡನ್ನೇ ತೆಗೆದುಕೊಂಡರು. ‘ಇವತ್ತು ನಿನಗೆ ಚೆಂಡಿಲ್ಲ. ಸುಮ್ಮನೆ ನಿಲ್ಲು. ಒಕ್ಕಣೆಯ ಕಣದ ನಡುವೆ ಮೇಟಿಯನ್ನು ನೋಡಿದ್ದೀಯಾ?’

‘ಚಿತ್ರದಲ್ಲಿ ನೋಡಿದೀನಿ, ಸಾರ್.’

‘ಎತ್ತುಗಳು ಸುತ್ತುತ್ತವೆ, ಮೇಟಿ ಕದಲುವುದಿಲ್ಲ. ನಿನ್ನ ಒಂದು ಕಾಲು ಮೇಟಿ. ಇನ್ನೊಂದು ಎಷ್ಟು ಬೇಕಾದರೂ ಸುತ್ತಲಿ.’

ಹೊಸಬರ ತಪ್ಪುಗಳಲ್ಲಿ ಹೆಚ್ಚಿನವು ಈ ಮೇಟಿಕಾಲಿನವು. ನಿಂತು ಚೆಂಡು ಹಿಡಿದವಳು ಪುಟಿಸಲು ತೊಡಗುವಾಗ ಮೊದಲು ಕಾಲನ್ನೆತ್ತುತ್ತಾಳೆ, ಆಮೇಲೆ ಚೆಂಡನ್ನು ಬಿಡುತ್ತಾಳೆ. ನಿಯಮ ಕೇಳುವುದು ಇದರ ತಿರುವುಮುರುವು. ಚೆಂಡು ಕೈಬಿಟ್ಟ ಮೇಲೆಯೇ ಮೇಟಿಕಾಲು ನೆಲ ಬಿಡಬೇಕು. ಎಸೆಯುವುದಕ್ಕಾಗಿ ಕಾಲೆತ್ತಬಹುದು, ಆದರೆ ಅದು ಮತ್ತೆ ನೆಲ ಮುಟ್ಟುವುದರೊಳಗೆ ಚೆಂಡು ಕೈಯಲ್ಲಿರಕೂಡದು. ಮೇ ತಿಂಗಳ ಬಿಸಿಲಿನಲ್ಲಿ ಕಾದ ಸಿಮೆಂಟಿನ ನೆಲದ ಮೇಲೆ ಎರಡು ಬೆಳಗು ಇದನ್ನೇ ಮಾಡಿದ ಹುಡುಗಿಗೆ ಬೇಸರ ಬಂತೆಂದರೆ ಆಶ್ಚರ್ಯವಿಲ್ಲ. ಆದರೆ ಸೀಟಿ ಕಡಮೆಯಾಯಿತು.

ಇನ್ನು ಉಳಿದದ್ದು ಸ್ಥಾನಗಳ ಮಾತು. ಒಂದೊಂದು ಕಡೆಗೆ ಐವರು. ಒಂದನೆಯವಳು ಪಾಯಿಂಟ್ ಗಾರ್ಡ್, ಚೆಂಡನ್ನು ತಂದು ಆಟ ಕಟ್ಟುವವಳು. ಎರಡನೆಯವಳು ದೂರದಿಂದ ಗುರಿಯಿಡುವ ಗಾರ್ಡ್. ಮೂರು ನಾಲ್ಕನೆಯವರು ಫಾರ್ವರ್ಡುಗಳು, ಒಬ್ಬಳು ಪಕ್ಕದಿಂದ ನುಗ್ಗುವವಳು, ಇನ್ನೊಬ್ಬಳು ಬುಟ್ಟಿಯ ಬಳಿ ಹೆಣಗುವವಳು. ಐದನೆಯವಳು ಸೆಂಟರ್, ಸಾಮಾನ್ಯವಾಗಿ ಎಲ್ಲರಿಗಿಂತ ಎತ್ತರದವಳು. ವಿಚಿತ್ರವೆಂದರೆ, ನಿಯಮಗಳ ಪುಸ್ತಕದಲ್ಲಿ ಈ ಸ್ಥಾನಗಳು ಇಲ್ಲ. ಇವು ರೂಢಿಯಿಂದ ಬಂದ ಶ್ರಮವಿಭಾಗ. ಪುಸ್ತಕವು ಎತ್ತರದವರಿಗೆ ಒಂದು ಮೂಗುದಾರವನ್ನು ಮಾತ್ರ ಹಾಕಿದೆ: ದಾಳಿ ಮಾಡುವ ತಂಡದವರು ಬುಟ್ಟಿಯ ಮುಂದಿನ ಗೆರೆಯೊಳಗೆ ಸತತವಾಗಿ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಬೀಡುಬಿಡಕೂಡದು. ಗಡಿಯಾರವಂತೂ ಇಡೀ ತಂಡವನ್ನು ಅಟ್ಟುತ್ತಲೇ ಇರುತ್ತದೆ: ಎಂಟು ಸೆಕೆಂಡಿನಲ್ಲಿ ನಡುಗೆರೆ ದಾಟಬೇಕು, ಇಪ್ಪತ್ತನಾಲ್ಕರೊಳಗೆ ಬುಟ್ಟಿಗೆ ಎಸೆಯಬೇಕು.

ಹೆಂಗಸರ ಪಾಲಿಗೆ ಸ್ಥಾನವೆಂಬುದು ಒಂದು ಕಾಲದಲ್ಲಿ ರೂಢಿಯಾಗಿರದೆ ಬೇಲಿಯೇ ಆಗಿತ್ತು. 1892ರಲ್ಲಿ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬಾಕೆ ಈ ಆಟವನ್ನು ವಿದ್ಯಾರ್ಥಿನಿಯರಿಗೆ ಕಲಿಸಿದಳು. ಕಲಿಸಿದ್ದು ಆ ಕಾಲಕ್ಕೆ ದಿಟ್ಟತನವೇ. ಆದರೆ ಸ್ತ್ರೀಯರಿಗೆ ಆಯಾಸವಾದೀತೆಂಬ ಅಂಜಿಕೆ ಅಂದಿನ ಸಮಾಜದಲ್ಲಿ ಬಲವಾಗಿತ್ತು. ಆದ್ದರಿಂದ ಅಂಕಣವನ್ನು ಮೂರು ಭಾಗ ಮಾಡಿ, ಒಬ್ಬೊಬ್ಬಳೂ ತನ್ನ ಭಾಗದ ಗೆರೆ ದಾಟಕೂಡದು, ಮೂರು ಸಲಕ್ಕಿಂತ ಹೆಚ್ಚು ಪುಟಿಸಕೂಡದು, ಎದುರಾಳಿಯ ಕೈಯಿಂದ ಚೆಂಡು ಕಸಿಯಕೂಡದು ಎಂದು ಕಟ್ಟುಮಾಡಿದರು. ಮುಂದೆ ಮೂರು ಭಾಗ ಹೋಗಿ ಎರಡಾಯಿತು. ಅದರಲ್ಲಿ ಗಾರ್ಡ್ ಆದವಳು ಜನ್ಮದಲ್ಲಿ ಬುಟ್ಟಿಗೆ ಚೆಂಡೆಸೆಯುವಂತಿರಲಿಲ್ಲ. ಆ ಪದ್ಧತಿ ಅಮೆರಿಕದ ಓಕ್ಲಹೋಮಾ ಪ್ರಾಂತದ ಶಾಲೆಗಳಲ್ಲಿ 1995ರವರೆಗೂ ಉಳಿದಿತ್ತೆಂದರೆ ನಂಬುವುದು ಕಷ್ಟ. ಒಲಿಂಪಿಕ್ಸಿಗೆ ಗಂಡಸರ ಬಾಸ್ಕೆಟ್‌ಬಾಲ್ 1936ರಲ್ಲಿಯೇ ಸೇರಿದರೆ ಹೆಂಗಸರದು ಸೇರಿದ್ದು 1976ರಲ್ಲಿ. ಭದ್ರಾವತಿಯ ಅಜ್ಜಿಯನ್ನೊಬ್ಬರನ್ನೇ ಬೈದು ಪ್ರಯೋಜನವಿಲ್ಲ.

ನಮ್ಮ ನಾಡಿನಲ್ಲಿ ನಡೆದದ್ದನ್ನೂ ಹೇಳಬೇಕು. 2017ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಏಷ್ಯಾ ಕಪ್ಪಿನ ಎರಡನೆಯ ದರ್ಜೆಯ ಅಂತಿಮ ಪಂದ್ಯ. ಭಾರತದ ಮಹಿಳೆಯರು ಕಜಕಸ್ತಾನವನ್ನು 75-73ರಿಂದ ಗೆದ್ದು ಮೊದಲ ದರ್ಜೆಗೆ ಏರಿದರು. ನಲವತ್ತು ನಿಮಿಷಗಳ ಆಟದ ಕೊನೆಯಲ್ಲಿ ಅಂತರವು ಒಂದೇ ಒಂದು ಬುಟ್ಟಿಯದು. ಮೇಷ್ಟರು ಈ ಕಥೆಯನ್ನು ಹೇಳಿದ ದಿನ ಹುಡುಗಿ ಕೇಳಿದಳು:

‘ಸಾರ್, ಅವರಲ್ಲಿ ಗಿಡ್ಡ ಇದ್ದವರು ಏನು ಮಾಡ್ತಿದ್ರು?’

‘ಒಂದನೆಯ ಸ್ಥಾನದಲ್ಲಿ ನಿಂತು ನೋಡು, ತಿಳಿಯುತ್ತದೆ.’

ನಿಂತು ನೋಡಿದಳು. ಆ ಸ್ಥಾನದಿಂದ ಬುಟ್ಟಿ ದೂರ. ಆದರೆ ಉಳಿದ ಒಂಬತ್ತು ಮಂದಿಯೂ ಕಣ್ಣ ಮುಂದೆಯೇ ಇರುತ್ತಾರೆ. ಯಾರು ಯಾರಿಂದ ತಪ್ಪಿಸಿಕೊಂಡಳು, ಯಾರ ಬೆನ್ನು ತಿರುಗಿದೆ, ಎಲ್ಲಿ ಎರಡು ಹೆಜ್ಜೆಯಷ್ಟು ಬಯಲು ತೆರೆಯಿತು, ಇದನ್ನು ಕಾಣುವುದೇ ಅಲ್ಲಿಯ ಕೆಲಸ. ನೆಲಕ್ಕೆ ಹತ್ತಿರವಾಗಿ ಪುಟಿಯುವ ಚೆಂಡನ್ನು ಎತ್ತರದವರು ಬಾಗಿ ಕಸಿಯುವುದು ಸುಲಭವಲ್ಲವೆಂಬುದೂ ಅವಳಿಗೆ ಗೊತ್ತಾಯಿತು. ಬೇರೆ ಸ್ಥಾನದವರು ಕೂಡ ತಮ್ಮ ಜಾಗಕ್ಕೆ ಅಂಟಿಕೊಂಡಿರುವುದಿಲ್ಲ. ಒಬ್ಬಳು ಸರಿದರೆ ಇನ್ನೊಬ್ಬಳು ಆ ಬಯಲನ್ನು ತುಂಬಬೇಕು. ಇದನ್ನು ಕಲಿಯಲು ಮೂರು ವಾರ ಸಾಲದು, ಅವಳಿಗೂ ಸಾಲಲಿಲ್ಲ.

ರಜೆಯ ಕೊನೆಯ ದಿನ ಕಲಿಯುವವರೇ ಎರಡು ಪಂಗಡವಾಗಿ ಆಡಿದರು. ಅವಳ ಪಂಗಡ ಸೋತಿತು. ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಅಜ್ಜ ಜಗುಲಿಯ ಮೇಲೆ ಕುಳಿತಿದ್ದರು.

‘ಎಷ್ಟು ಸಲ ಬುಟ್ಟಿಗೆ ಹಾಕಿದೆ, ಪುಟ್ಟಿ?’

‘ಒಂದು ಸಲಾನೂ ಇಲ್ಲ, ಅಜ್ಜ. ಹಾಕಿದವರಿಗೆ ಚೆಂಡು ಕೊಟ್ಟೆ, ನಾಲ್ಕು ಸಲ.’

ಅಜ್ಜ ತಲೆದೂಗಿದರು. ಊದುಕುಲುಮೆಯ ಬಾಯಿ ತೆರೆಯುವವನೊಬ್ಬ, ಮರಳಿನ ಕಾಲುವೆ ಕಾಯುವವನೊಬ್ಬ, ಕರಗಿದ ಕಬ್ಬಿಣ ಹರಿದು ಬರುವಾಗ ಎಲ್ಲರ ಕಣ್ಣೂ ಅದರ ಮೇಲೆ. ಆ ಲೆಕ್ಕ ಅವರಿಗೆ ಗೊತ್ತಿಲ್ಲದ್ದಲ್ಲ.

‘ಸೀಟಿ?’

‘ಎರಡೇ ಸಲ’ ಎಂದು ಹೇಳಿ ಅವಳು ಬೂಟು ಬಿಚ್ಚತೊಡಗಿದಳು. ಒಳಗಿನಿಂದ ಅಜ್ಜಿ, ‘ಕಾಲು ತೊಳೆದುಕೊಂಡು ಒಳಗೆ ಬಾ’ ಎಂದು ಕೂಗಿದರು.