ಟಣ್ ಅನ್ನೋ ತಟ್ಟೆ

ನಮ್ಮ ವಾರಗಿತ್ತಿ ಮಗ ಹಬ್ಬಕ್ಕೆ ಬರುವಾಗ ಏರ್‌ಗನ್ ತಂದಿದ್ದ. ಹಿತ್ಲಲ್ಲಿ ಹೊಂಗೆ ಮರಕ್ಕೆ ಹಳೇ ಸ್ಟೀಲ್ ತಟ್ಟೆ ನೇತಾಕಿ ಟಣ್ ಟಣ್ ಅಂತ ಹೊಡೆಯೋದೇ ಕೆಲಸ. ಮೂರನೇ ದಿನ ಬಟ್ಟೆ ಹಿಂಡ್ತಾ ಇದ್ದೆ, ಕೆನ್ನೆಗೆ ಕಡಜ ಕಚ್ಚಿದಂಗಾಯ್ತು. ಮುಟ್ಕೊಂಡ್ರೆ ರಕ್ತ. ಕಾಲ ಹತ್ರ ಚಪ್ಪಟೆಯಾದ ಸೀಸದ ಚೂರು. ಎರಡು ಬೆರಳು ಮೇಲೆ ಬಿದ್ದಿದ್ರೆ ಕಣ್ಣೇ ಹೋಗ್ತಿತ್ತು. ನಾನೇನು ತಟ್ಟೆ ಕಡೆ ಇರ್ಲಿಲ್ಲ, ಅವನ ಪಕ್ಕಕ್ಕೆ, ಒಂದು ಮಾರು ಹಿಂದೆ ಇದ್ದೆ. ಅದಕ್ಕೆ ಮನೇಲಿ ಬಂದ ಮಾತು, "ನೀನ್ಯಾಕೆ ಅಲ್ಲಿ ಬಟ್ಟೆ ಒಗೀತಿದ್ದೆ?"

ಒಗೆಯೋ ಕಲ್ಲು ಇಪ್ಪತ್ತು ವರ್ಷದಿಂದ ಅಲ್ಲೇ ಐತೆ ಕಣ್ರವ್ವ. ಗನ್ನು ಬಂದು ಮೂರು ದಿನ. ಜಾಗ ಬಿಡ್ಬೇಕಾದೋರು ಯಾರು?

"ಜಾತ್ರೇಲಿ ಬಲೂನ್ ಹೊಡೆಯೋ ಆಟದ ಗನ್ನು ತಾನೆ" ಅಂತಾರೆ. ಮಧುಗಿರಿ ದಂಡಿನ ಮಾರಮ್ಮನ ಜಾತ್ರೇಲಿ ನಾನೂ ಹೊಡೆದಿದೀನಿ. ನಾನು ಹೊಡೆದ ಅಂಗಡೀಲಿ ಬಲೂನ್ ಹಿಂದೆ ಇದ್ದದ್ದು ಮರದ ಹಲಗೆ, ಗುಂಡು ಅದ್ರಲ್ಲೇ ಹೂತ್ಕೊಳ್ತಿತ್ತು. ಆಟದ್ದು ಅನ್ನೋರಿಗೆ ಇನ್ನೊಂದು ಮಾತು: 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಇದೇ 4.5 ಮಿಲಿಮೀಟರ್ ಗುಂಡಲ್ಲಿ.

ನಲ್ಲಿ ಜೋರಾಗಿ ಬಿಟ್ಟು ಕೆಳಗೆ ಸಪಾಟಾದ ಮುಚ್ಚಳ ಹಿಡೀರಿ, ನೀರು ಸುತ್ತ ಪಕ್ಕಕ್ಕೆ ಚೆದರ್ತದೆ. ಸೌಟು ಹಿಡೀರಿ, ಮುಖಕ್ಕೇ ಎಗರ್ತದೆ. ಸೀಸದ ಗುಂಡೂ ಸ್ಟೀಲಿಗೆ ಬಡಿದಾಗ ಹಂಗೇ. ನಮ್ಮ ಊಟದ ತಟ್ಟೆ ತೆಳು, ನಾಕು ಏಟಿಗೆ ಗುಳಿ ಬೀಳ್ತದೆ. ಆಮೇಲೆ ಒಂದೊಂದು ಗುಳೀನೂ ಒಂದೊಂದು ಸೌಟು. ಚೂರು ಎತ್ತ ಬತ್ತದೋ ಹೊಡೆಯೋನಿಗೂ ಗೊತ್ತಾಗಲ್ಲ. ಇನ್ನು ಉಕ್ಕಿನ ದುಂಡನೆ ಗುಂಡು ಚಪ್ಪಟೆಯೇ ಆಗಲ್ಲ, ಹೋದಂಗೇ ವಾಪಸ್. ಅದನ್ನ ಸ್ಟೀಲಿಗೆ ಹೊಡೆಯೋದೇ ಬ್ಯಾಡ.

ಗನ್ ಬಾವಿಗೆ ಹಾಕಿ ಅಂತ ನಾನು ಹೇಳ್ತಿಲ್ಲ. ಸ್ಟೀಲಿಗೇ ಹೊಡೀಬೇಕು ಅನ್ನೋ ಹಟ ಇದ್ರೆ ದಪ್ಪಗಿರೋ, ಗುಳಿ ಬೀಳದ ಗಟ್ಟಿ ಉಕ್ಕಿನ ಹಲಗೆ ತರ್ಲಿ, ಚೂರು ನೆಲಕ್ಕೆ ಬೀಳಂಗೆ ಮುಂದಕ್ಕೆ ಬಗ್ಗಿಸಿ ಕಟ್ಲಿ, ಹಿಂದೆ ಮಣ್ಣಿನ ದಿಬ್ಬ ಇರ್ಲಿ. ಜನ ಓಡಾಡೋ ಹಿತ್ಲಲ್ಲಂತೂ ಬ್ಯಾಡ. ಕಣ್ಣ ಪಕ್ಕಾನೂ ಮುಚ್ಚೋ ಕನ್ನಡಕ ಹೊಡೆಯೋನಿಗಷ್ಟೇ ಅಲ್ಲ, ನಿಂತು ನೋಡೋ ಮಕ್ಕಳಿಗೂ ಬೇಕು. ಇಲ್ಲಾಂದ್ರೆ ಗೋಣಿಚೀಲಕ್ಕೆ ಹಳೇ ಬಟ್ಟೆ ಗಟ್ಟಿಯಾಗಿ ತುರುಕಿ ಕಾಗದ ಅಂಟಿಸಿ, ಅದೇ ಮಣ್ಣಿನ ದಿಬ್ಬದ ಮುಂದೆ ಇಡ್ಲಿ. ಟಣ್ ಅನ್ನಲ್ಲ, ಅಷ್ಟೇ ತಾನೆ.

ಗುಂಡನ್ನ ಬಾಯಲ್ಲಿ ಇಟ್ಕೊಂಡು ಒಂದೊಂದೇ ತುಂಬ್ತಾನೆ ಬೇರೆ! ಅದು ಸೀಸ, ವಿಷ. ಸೋಪು ಹಾಕಿ ಕೈ ತೊಳೀದೆ ಮುದ್ದೆ ಮುರಿಯಕ್ಕೆ ಬಿಡಬ್ಯಾಡಿ.

ಪಾವಗಡದ ಅತ್ತಿಗೆ ಫೋನಲ್ಲಿ, "ಕಣ್ಣಿಗೆ ತಗುಲಿದ್ರೆ ಎದೆಹಾಲು ಬಿಟ್ರಾಯ್ತು" ಅಂದ್ರು. ಬ್ಯಾಡ ಅತ್ತಿಗೆ. ಹಾಲು, ಹರಳೆಣ್ಣೆ ಏನೂ ಬಿಡಬ್ಯಾಡಿ. ಉಜ್ಜಬ್ಯಾಡಿ, ತೊಳೀಬ್ಯಾಡಿ, ಒತ್ತಿ ಕಟ್ಟಬ್ಯಾಡಿ. ಕಣ್ಣಿಗೆ ತಾಗದಂಗೆ ಕಾಗದದ ಲೋಟ ಬೋರಲು ಹಿಡಿದು ಅವತ್ತೇ ಕಣ್ಣಾಸ್ಪತ್ರೆಗೆ ಹೋಗ್ಬೇಕು.

ತಟ್ಟೆ ಈಗ ನಮ್ಮನೆ ಅಟ್ಟದ ಮೇಲೈತೆ. ವಾರಗಿತ್ತಿ ಎರಡು ಸಲ ಕೇಳಿದ್ಲು. ಕೊಟ್ಟಿಲ್ಲ.