ಇಮ್ರಾನ್ ಕನ್ನಡ ಮಾತನಾಡಿದ ಮನೆ

ಹುಮನಾಬಾದಿನ ಹಳೆಯ ಮನೆಯೊಂದರಲ್ಲಿ ಹಸ್ತಪ್ರತಿಗಳ ಕಟ್ಟೊಂದು ಇದೆಯೆಂದು ಮಿತ್ರರೊಬ್ಬರು ತಿಳಿಸಿದ್ದರಿಂದ, ಬಸವಕಲ್ಯಾಣದ ಕೆಲಸ ಮುಗಿಸಿಕೊಂಡು ಅಲ್ಲಿಗೆ ಹೋಗಿದ್ದೆ. ಮನೆಯ ಯಜಮಾನರು ಎಂಬತ್ತು ದಾಟಿದ ನಿವೃತ್ತ ಶಿಕ್ಷಕರು. ಅಟ್ಟದಿಂದ ಇಳಿಸಿದ ಕಬ್ಬಿಣದ ಪೆಟ್ಟಿಗೆಯನ್ನು ತೆರೆದಾಗ ಕಂಡದ್ದು ಓಲೆಗರಿಯೂ ಅಲ್ಲ, ಕಡತವೂ ಅಲ್ಲ. ಅಗ್ಗದ ಕಾಗದದ ಮೇಲೆ ಅಚ್ಚಾದ, ಬೆನ್ನು ಕಿತ್ತುಹೋದ, ಉರ್ದು ಲಿಪಿಯ ಅರವತ್ತೆಪ್ಪತ್ತು ಸಣ್ಣ ಪುಸ್ತಕಗಳು. ಇಬ್ನೆ ಸಫಿಯವರ ‘ಇಮ್ರಾನ್ ಸೀರೀಸ್’. ನನ್ನ ಮುಖದ ನಿರಾಸೆಯನ್ನು ಗಮನಿಸಿದ ಅವರು ನಕ್ಕು, “ಇವು ಉರ್ದೂ ಪುಸ್ತಕ ಖರೆ, ಆದ್ರ ನಮ್ಮ ಮನ್ಯಾಗ ಇಮ್ರಾನ್ ಕನ್ನಡಾನೇ ಮಾತಾಡ್ತಿದ್ದ ನೋಡ್ರಿ ಸರ” ಎಂದರು. ಆ ಮಾತು ನನಗೆ ಪೂರ್ತಿ ಅರ್ಥವಾಗಲು ಎರಡು ಗಂಟೆ ಹಿಡಿಯಿತು.

ಇಬ್ನೆ ಸಫಿ ಎಂಬುದು ಅಲಹಾಬಾದ್ ಜಿಲ್ಲೆಯಲ್ಲಿ 1928ರಲ್ಲಿ ಹುಟ್ಟಿದ ಅಸ್ರಾರ್ ಅಹ್ಮದರ ಲೇಖನನಾಮ. 1952ರಲ್ಲಿ ಅವರ ‘ಜಾಸೂಸಿ ದುನಿಯಾ’ ಮಾಲೆ ಆರಂಭವಾಯಿತು. ಅದೇ ವರ್ಷ ಅವರು ಕರಾಚಿಗೆ ವಲಸೆ ಹೋದರು. 1955ರಲ್ಲಿ ‘ಖೌಫ್‌ನಾಕ್ ಇಮಾರತ್’ ಕಾದಂಬರಿಯೊಡನೆ ಇಮ್ರಾನ್ ಹುಟ್ಟಿದ. 1980ರಲ್ಲಿ ಲೇಖಕರು ತೀರಿಕೊಳ್ಳುವವರೆಗೆ ಎರಡೂ ಮಾಲೆಗಳು ಸೇರಿ ಇನ್ನೂರ ನಲವತ್ತಕ್ಕೂ ಹೆಚ್ಚು ಕೃತಿಗಳು ಬಂದವು. ಲೇಖಕರು ಗಡಿಯ ಆಚೆಗಿದ್ದರೂ ಅಲಹಾಬಾದಿನಲ್ಲಿ ಅವು ಅಚ್ಚಾಗುತ್ತಲೇ ಇದ್ದವು. ಅಲ್ಲಿಂದ ಉರ್ದು ಓದುವ ಊರೂರಿಗೂ ಹೋದವು.

ಹುಮನಾಬಾದಿಗೆ ಅವು ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. 1948ರವರೆಗೆ ಬೀದರ ಸೀಮೆಯ ಆಡಳಿತ ಮತ್ತು ಶಾಲೆಗಳ ಭಾಷೆ ಉರ್ದು. ನಮ್ಮ ಶಿಕ್ಷಕರು ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಅಲಿಫ್, ಬೇ ಕಲಿತವರು. ಕನ್ನಡದ ಅಕ್ಷರಗಳು ಅವರಿಗೆ ಆಮೇಲೆ ಬಂದವು. ರಾತ್ರಿ ಊಟವಾದ ಮೇಲೆ ಕಂದೀಲಿನ ಬೆಳಕಿನಲ್ಲಿ ಪುಸ್ತಕ ಹಿಡಿದು ಕೂಡುವರು. ಕಣ್ಣು ಉರ್ದುವಿನ ಸಾಲಿನ ಮೇಲೆ, ಬಾಯಲ್ಲಿ ಕನ್ನಡ. ಕೇಳುವವರು ಯಾವ ಲಿಪಿಯನ್ನೂ ಓದಬಾರದ ತಾಯಿ ಮತ್ತು ಸೋದರತ್ತೆ.

ಇಲ್ಲಿ ಒಂದು ತೊಡಕಿತ್ತು. ಇಮ್ರಾನ್ ಆಕ್ಸ್‌ಫರ್ಡಿನಲ್ಲಿ ಓದಿ ಬಂದವನು, ಗುಪ್ತಚರ ಇಲಾಖೆಯ ಮಹಾನಿರ್ದೇಶಕರ ಮಗ, ತಂದೆಯಿಂದಲೇ ಮನೆಯಾಚೆ ಹಾಕಿಸಿಕೊಂಡವನು. ಸದಾ ಪೆದ್ದನ ಮುಖ ಹೊತ್ತು ತಿರುಗುವ ಇವನು ಮಹಾಕವಿಗಳ ದ್ವಿಪದಿಗಳನ್ನೂ ಗಾದೆಗಳನ್ನೂ ಬೇಕೆಂದೇ ತಿರುಚಿ ಹೇಳುತ್ತಾನೆ. ಮೂಲ ಗೊತ್ತಿದ್ದವನಿಗೆ ಮಾತ್ರ ನಗು. ಗಾಲಿಬನ ಹೆಸರನ್ನೇ ಕೇಳದ ಅತ್ತೆಯನ್ನು ನಗಿಸುವುದು ಹೇಗೆ? ಹುಡುಗ ಉರ್ದುವಿನ ಸಾಲನ್ನು ಪಕ್ಕಕ್ಕಿಟ್ಟು ಇಮ್ರಾನನ ಬಾಯಿಂದ “ಹಾಸಿಗಿ ಇದ್ದಷ್ಟು ನೆಲಾ ಡೊಂಕ” ಎನ್ನಿಸಿದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಇದು ಹದಿನೈದರ ಹುಡುಗನೊಬ್ಬ ಕಂಡುಕೊಂಡ ಅನುವಾದದ ಸೂತ್ರ. ನಮ್ಮ ಅನುವಾದ ಅಧ್ಯಯನದ ವಿಚಾರಸಂಕಿರಣಗಳಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕೇಳಿದ್ದು ಕಡಿಮೆ. ಅಡುಗೆಯವನಾದ ಸುಲೇಮಾನನೊಡನೆ ಇಮ್ರಾನ್ ಆಡುವ ಜಗಳಕ್ಕೆ ಮಾತ್ರ ಯಾವ ಸೂತ್ರವೂ ಬೇಕಾಗಲಿಲ್ಲವಂತೆ.

ಈ ಮಾಲೆಯನ್ನು ಗಂಭೀರ ಓದಿಗೆ ಅರ್ಹವಲ್ಲವೆಂದು ತಳ್ಳುವವರು ಅದರ ರಚನೆಯನ್ನು ಗಮನಿಸಿಲ್ಲವೆಂದೇ ನನ್ನ ಅಭಿಪ್ರಾಯ. ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ರಹಸ್ಯ ಓದುಗನಿಂದ ಮುಚ್ಚಿಟ್ಟದ್ದು. ಇಲ್ಲಿ ಮುಖ್ಯ ರಹಸ್ಯ ಓದುಗನಿಗೆ ಗೊತ್ತಿರುತ್ತದೆ, ಪಾತ್ರಗಳಿಗೆ ಗೊತ್ತಿರುವುದಿಲ್ಲ. ಗುಪ್ತದಳದವರು ಫೋನಿನಲ್ಲಿ ಕೇಳಿಬರುವ ಎಕ್ಸ್‌-ಟು ಎಂಬ ಮುಖ್ಯಸ್ಥನ ಒರಟು ದನಿಗೆ ನಡುಗುತ್ತಾರೆ. ಆ ಮುಖ್ಯಸ್ಥನೇ ಆದ ಇಮ್ರಾನನನ್ನು ಎದುರಿಗೇ ಗೇಲಿ ಮಾಡುತ್ತಾರೆ. ಮುಂದಿನ ಕೃತಿಯಲ್ಲಿಯೂ ಅದೇ ನಡುಕ, ಅದೇ ಗೇಲಿ. ಒಂದೇ ಕೃತಿಯನ್ನು ಓದಿದವನಿಗೆ ಇದು ಹಳಸಿದ ತಂತ್ರವೆನಿಸಬಹುದು. ಮೂವತ್ತು ಓದಿದವನಿಗೆ ಅದು ಲೇಖಕನೊಡನೆ ಹಂಚಿಕೊಂಡ ಗುಟ್ಟು.

ಹಳಗನ್ನಡದ ವಿದ್ಯಾರ್ಥಿಗಳಿಗೆ ಈ ತಂತ್ರ ಹೊಸದೇನಲ್ಲ. ವೃತ್ತವಿಲಾಸನ ‘ಧರ್ಮಪರೀಕ್ಷೆ’ಯ ಮನೋವೇಗ ವೇಷ ಮರೆಸಿಕೊಂಡು ಪಾಟಲಿಪುತ್ರದ ವಿದ್ವಾಂಸರ ನಡುವೆ ಏನೂ ಅರಿಯದವನಂತೆ ಅಸಂಬದ್ಧ ಕಥೆಗಳನ್ನು ಹೇಳುತ್ತಾನೆ. ಅವನು ಯಾರೆಂದು ನಮಗೆ ಗೊತ್ತು, ಸಭೆಗೆ ಗೊತ್ತಿಲ್ಲ. ಮತ್ತೊಂದು ವೇಷ, ಮತ್ತೊಂದು ಕಥೆ, ಅದೇ ಬಲೆ. ಎರಡರ ಉದ್ದೇಶಗಳು ಬೇರೆ. ಸಫಿಯವರಿಗೆ ಯಾವ ಮತವನ್ನೂ ಪರೀಕ್ಷಿಸುವುದಿರಲಿಲ್ಲ, ಅಶ್ಲೀಲವಿಲ್ಲದೆಯೂ ಪುಸ್ತಕ ಮಾರಬಹುದೆಂದು ತೋರಿಸುವುದಿತ್ತು. ಆದರೆ ಪುನರುಕ್ತಿಯನ್ನು ದೋಷವೆಂದಷ್ಟೇ ಎಣಿಸುವ ವಿಮರ್ಶೆ ಇವೆರಡರ ಮುಂದೆಯೂ ಸೋಲುತ್ತದೆ.

ಕುಂದುಗಳಿಲ್ಲವೆಂದಲ್ಲ. ಅವಸರದಲ್ಲಿ ಕಟ್ಟಿದ ಕಥಾನಕಗಳಿವೆ; ಕೆಲವು ಆರಂಭದ ಕಥೆಗಳ ಹಂದರ ಇಂಗ್ಲಿಷಿನಿಂದ ಬಂದದ್ದು, ಇದನ್ನು ಸಫಿಯವರೇ ಒಪ್ಪಿಕೊಂಡಿದ್ದಾರೆ. ಖಳರು ಬಹುಪಾಲು ಹೊರದೇಶದವರೇ ಆಗಿರುವುದೂ ಬೇಸರ ತರಿಸುತ್ತದೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಕನ್ನಡದ ಪತ್ತೇದಾರಿ ಸಾಹಿತ್ಯದ ಚರ್ಚೆ ಎನ್. ನರಸಿಂಹಯ್ಯನವರಿಂದ ಆರಂಭವಾಗುತ್ತದೆ. ಅದು ನ್ಯಾಯವೇ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿ ಐನೂರಕ್ಕೂ ಮಿಕ್ಕಿ ಕಾದಂಬರಿ ಬರೆದ ಅವರ ‘ಪತ್ತೇದಾರ ಪುರುಷೋತ್ತಮನ ಸಾಹಸ’ ಬಂದದ್ದೂ 1952ರಲ್ಲಿಯೇ. ಆದರೆ ಕಲ್ಯಾಣದ ಕನ್ನಡಿಗರು ಆಗ ಏನು ಓದುತ್ತಿದ್ದರು ಎಂಬ ಪ್ರಶ್ನೆಯನ್ನು ನಮ್ಮ ಚರಿತ್ರೆಕಾರರು ಕೇಳುವುದಿಲ್ಲ. ಕೆಲವರು ಉರ್ದುವಿನಲ್ಲಿ ಸಫಿಯವರನ್ನು, ಕೆಲವರು ಮರಾಠಿಯಲ್ಲಿ ಬಾಬುರಾವ್ ಅರ್ನಾಳಕರರನ್ನು ಓದುತ್ತಿದ್ದರು. ನಾವು ಬರೆದದ್ದರ ಚರಿತ್ರೆಯನ್ನು ಬರೆದಿದ್ದೇವೆ, ಓದಿದ್ದರ ಚರಿತ್ರೆಯನ್ನಲ್ಲ.

ಕಾಶ್ಮೀರದಿಂದ ಬಂದು ಸಂಸ್ಕೃತದಲ್ಲಿ ಬರೆದ ಬಿಲ್ಹಣನನ್ನು ಕಲ್ಯಾಣದ ಕವಿಯೆನ್ನುತ್ತೇವೆ. ಹುಮನಾಬಾದಿನ ಪಕ್ಕದ ಮಾಣಿಕನಗರದ ಮಾಣಿಕ ಪ್ರಭುಗಳು ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದ ಕಟ್ಟಿದ್ದನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಬಿಲ್ಹಣ ಇಲ್ಲಿದ್ದು ಬರೆದ, ಸಫಿ ಈ ನೆಲವನ್ನು ನೋಡಲೇ ಇಲ್ಲ ಎಂಬ ಆಕ್ಷೇಪ ಬರಬಹುದು. ಸರಿಯಾದ ಆಕ್ಷೇಪವೇ. ನನ್ನ ಉತ್ತರ ಆ ಪೆಟ್ಟಿಗೆಯ ಮನೆಯಲ್ಲಿದೆ. ಹಿಂದಿ ಅನುವಾದಗಳಲ್ಲಿ ಇಮ್ರಾನ್ ರಾಜೇಶನಾದ, ಕರ್ನಲ್ ಫರೀದಿ ವಿನೋದನಾದ. ಹುಮನಾಬಾದಿನಲ್ಲಿ ಹೆಸರು ಇಮ್ರಾನನೇ ಉಳಿದು ನಾಲಗೆ ಮಾತ್ರ ನಮ್ಮದಾಯಿತು.

ಅಷ್ಟೇ ಅಲ್ಲ. 1960ರಿಂದ 1963ರವರೆಗೆ ಸಫಿಯವರು ಮಾನಸಿಕ ಕಾಯಿಲೆಯಿಂದ ಬರವಣಿಗೆ ನಿಲ್ಲಿಸಿದ್ದರು. ಅವರ ಹೆಸರನ್ನೇ ಹೋಲುವ ಹೆಸರಿಟ್ಟುಕೊಂಡ ನಕಲಿ ಲೇಖಕರು ಹಲವರು ಹುಟ್ಟಿಕೊಂಡರು. ಹುಮನಾಬಾದಿನಲ್ಲಿಯೂ ಒಬ್ಬ ಹುಟ್ಟಿದ, ಆದರೆ ಅವನು ಏನನ್ನೂ ಬರೆಯಲಿಲ್ಲ. ಹೊಸ ಪುಸ್ತಕ ಬಾರದೆ ಅತ್ತೆ ಕಾಡತೊಡಗಿದಾಗ, ಹಳೆಯ ಪುಸ್ತಕವೊಂದನ್ನು ಕೈಯಲ್ಲಿ ತೆರೆದು ಹಿಡಿದು, ಅದರಲ್ಲಿಲ್ಲದ ಕಥೆಗಳನ್ನು ಓದುವವನಂತೆ ನಟಿಸಿ ಹೇಳಿದ. ಇಮ್ರಾನ್ ಮಾಣಿಕನಗರದ ಜಾತ್ರೆಗೂ ಬಂದ, ಕಲ್ಯಾಣದ ಕೋಟೆಯಲ್ಲಿ ಕಳ್ಳರನ್ನೂ ಹಿಡಿದ. ಅತ್ತೆಗೆ ಕೊನೆಯವರೆಗೂ ಅನುಮಾನ ಬರಲಿಲ್ಲವೇ ಎಂದು ಕೇಳಿದೆ. “ಬಂದಿತ್ತೇನೋ ಬಿಡ್ರಿ, ಆಕಿ ಹೇಳ್ಲಿಲ್ಲ” ಎಂದರು.

ಆ ಕಥೆಗಳು ಕನ್ನಡ ಸಾಹಿತ್ಯವಲ್ಲದೆ ಮತ್ತೇನು? ಅವುಗಳಲ್ಲಿ ಎರಡೋ ಮೂರೋ ಮಾತ್ರ ಅವರಿಗೀಗ ನೆನಪಿವೆ. ಮಗನಿಗೂ ಮೊಮ್ಮಕ್ಕಳಿಗೂ ಉರ್ದು ಲಿಪಿ ಬಾರದು. ಪೆಟ್ಟಿಗೆಯನ್ನು ರದ್ದಿಗೆ ಹಾಕುವ ಮಾತು ಮನೆಯಲ್ಲಿ ಆಗಲೇ ಎರಡು ಸಲ ಬಂದುಹೋಗಿದೆ. ಬೀದರ, ಕಲಬುರಗಿಯ ಸಂಶೋಧನ ವಿದ್ಯಾರ್ಥಿಗಳು ಇಂಥ ಓದುಗರ ಎದುರು ಧ್ವನಿಮುದ್ರಣ ಇಟ್ಟುಕೊಂಡು ಕೂಡಬೇಕಾದದ್ದು ಈ ವರ್ಷ, ಮುಂದಿನ ಯೋಜನೆಯ ಅನುದಾನ ಬಂದ ಮೇಲಲ್ಲ. ನಾನು ನನ್ನ ಮೊಬೈಲಿನಲ್ಲಿ ಒಂದು ಗಂಟೆಯಷ್ಟು ಮುದ್ರಿಸಿಕೊಂಡೆ.

ಹೊರಡುವಾಗ ಅವರು ಪುಸ್ತಕಗಳನ್ನು ಒಂದೊಂದಾಗಿ ಎಣಿಸಿ ಪೆಟ್ಟಿಗೆಗೆ ತುಂಬಿದರು. 1963ರಲ್ಲಿ ಸಫಿಯವರು ಚೇತರಿಸಿಕೊಂಡು ಬರೆದ ಮೊದಲ ಕಾದಂಬರಿ ‘ಡೇಢ್ ಮತ್‌ವಾಲೆ’ ಅದರಲ್ಲಿಲ್ಲ. ಯಾರೋ ಓದಲು ಒಯ್ದವರು ತಂದುಕೊಡಲಿಲ್ಲವಂತೆ. “ಹೈದರಾಬಾದಿಗಿ ಹ್ವಾದ್ರ ಹಳೀ ಪುಸ್ತಕದಂಗಡ್ಯಾಗ ಒಂದೀಟು ನೋಡ್ರಿ ಸರ” ಎಂದರು.