ಗೋಡೆಗಿಂತ ಮೊದಲು ತಾಲೀಮು

ಊರಿಗೊಂದು ರಂಗಮಂದಿರ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಕಟ್ಟಡ ಎದ್ದ ಮೇಲೆ ಅಲ್ಲಿ ಆಡುವವರಾರು ಎಂಬುದನ್ನು ನಾವು ಸಾಮಾನ್ಯವಾಗಿ ಕೊನೆಗೆ ಕೇಳುತ್ತೇವೆ.

ಸಾಗರ ತಾಲ್ಲೂಕಿನ ಹೆಗ್ಗೋಡು ಅಡಿಕೆ ತೋಟಗಳ ನಡುವಿನ ಪುಟ್ಟ ಗ್ರಾಮ. 1949ರಲ್ಲಿ ಅಲ್ಲಿನ ಜನ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿದರು. ಇಂದು ನಾಡೆಲ್ಲ ಅದನ್ನು ‘ನೀನಾಸಮ್’ ಎಂದು ಕರೆಯುತ್ತದೆ. ಶಿವರಾಮ ಕಾರಂತರ ಹೆಸರು ಹೊತ್ತ ರಂಗಮಂದಿರ ಅಲ್ಲಿ ತಲೆಯೆತ್ತಿದ್ದು 1972ರಲ್ಲಿ. ನಡುವೆ ಬರೋಬ್ಬರಿ 23 ವರ್ಷಗಳು! ಸೂರು ಬರುವ ವೇಳೆಗೆ ಅದರಡಿಯಲ್ಲಿ ನಿಲ್ಲಲು ನಟರಿದ್ದರು, ಎದುರು ಕೂರಲು ಊರಿನವರಿದ್ದರು. ಆದಕಾರಣವೇ ಆ ಕಟ್ಟಡ ಬೀಗ ಕಾಣಲಿಲ್ಲ. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ‘ತಿರುಗಾಟ’ ಆರಂಭವಾದವು. ಸಂಘದ ಜೀವಾಳವಾಗಿದ್ದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ಅಗಲಿದ ಮೇಲೂ ಅಲ್ಲಿ ದೀಪ ಆರಿಲ್ಲ.

ಹೊಳಲು, ಹಡಗಲಿಯ ಈ ಸೀಮೆಗೂ ರಂಗದ ನಂಟು ಹೊಸತೇನಲ್ಲ. ಕೋರ್ಟಿನಲ್ಲಿ ವಾದಿಸುತ್ತಲೇ ರಂಗವನ್ನು ಆಳಿದ ಬಳ್ಳಾರಿ ರಾಘವರು, ರಾಜಕೀಯದ ಗದ್ದಲದಲ್ಲೂ ನಾಟಕದ ಸಂಗ ಬಿಡದ ಹಡಗಲಿಯ ಎಂ.ಪಿ. ಪ್ರಕಾಶರು ನಮ್ಮವರೇ. ಬಯಲಾಟದವರಂತೂ ಬಯಲಿನಲ್ಲೇ ಅಟ್ಟ ಕಟ್ಟಿ, ಬೆಳಗಿನ ತನಕ ಕುಣಿದು, ಮರುದಿನ ಹೊಲಕ್ಕೆ ಹೋದವರು. ಅವರು ಯಾವ ಸರ್ಕಾರಿ ಅನುದಾನಕ್ಕೂ ಕಾದವರಲ್ಲ.

ಈ ಮಾತನ್ನು ಈ ಅಂಕಣದಲ್ಲಿ ಆಡಲು ಕಾರಣವಿದೆ. ನಮ್ಮ ಧರ್ಮಕೇಂದ್ರಗಳಲ್ಲಿಯೂ ಸಭಾಂಗಣಗಳುಂಟು. ಪಾಲಕ ಸಂತರ ಹಬ್ಬದ ನಾಟಕ, ಕ್ರಿಸ್ಮಸ್ಸಿನ ಗೋದಲಿಯ ದೃಶ್ಯ, ತಪಸ್ಸುಕಾಲದ ಯಾತನೆಯ ರೂಪಕ, ಇವುಗಳಲ್ಲಿಯೇ ನಮ್ಮ ಎಷ್ಟೋ ಮಕ್ಕಳು ಮೊದಲ ಬಾರಿಗೆ ನಾಲ್ಕು ಜನರೆದುರು ಬಾಯಿ ಬಿಟ್ಟದ್ದು. ಸಭಾಂಗಣ ಮದುವೆಯ ಬಾಡಿಗೆಗೆ ಹೋದರೆ ದುರಸ್ತಿಗೆ ನಾಲ್ಕು ಕಾಸು ಸಿಗುತ್ತದೆ, ಅದು ಅಗತ್ಯವೂ ಹೌದು. ಆದರೆ ಬಾಡಿಗೆಯ ದಿನಗಳು ಹೆಚ್ಚಿದಂತೆ ತಾಲೀಮಿನ ಸಂಜೆಗಳು ಕರಗುತ್ತವೆ. ಕಡೆಗೆ ಹಬ್ಬದ ರಾತ್ರಿಗೆ ಹೊರಗಿನ ವಾದ್ಯಗೋಷ್ಠಿಯನ್ನು ಕರೆಸುವುದೇ ಸಲೀಸೆನಿಸುತ್ತದೆ.

ಧರ್ಮಕೇಂದ್ರದ ಆಡಳಿತ ಮಂಡಳಿಗಳಲ್ಲಿ ನಮ್ಮ ವಿನಂತಿ ಇಷ್ಟೆ: ಮುಂದಿನ ಹಬ್ಬಕ್ಕೆ ಮುಂಚಿನ ಎರಡು ತಿಂಗಳು, ವಾರಕ್ಕೆ ಮೂರು ಸಂಜೆ ಸಭಾಂಗಣವನ್ನು ಯುವಜನರಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಡಿರಿ. ನೆರೆಯ ಇತರ ಮತದ ಮಕ್ಕಳೂ ಬರಲಿ. ಪರದೆ, ದೀಪಗಳ ಖರ್ಚಿನ ಮಾತನ್ನು ತಾಲೀಮು ಶುರುವಾದ ಮೇಲೆ ಆಡೋಣ.